ಒಂದು ದಿನಕ್ಕೆ ಒಂದು ನದಿ

ನಮ್ಮ ಮನೆಯ ಕಬ್ಬಿಣದ ಪೆಟ್ಟಿಗೆಯಲ್ಲಿ ಹಳೆಯ ನಕಾಶೆಯೊಂದಿದೆ. ಮಡಿಕೆಗಳಲ್ಲೆಲ್ಲ ಹರಿದು, ಬೆನ್ನಿಗೆ ಕಾಗದದ ತೇಪೆ ಹಾಕಿಸಿಕೊಂಡು, ಜಮೀನಿನ ಪತ್ರಗಳ ನಡುವೆ ಅದು ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ಮಲಗಿದೆ. ಶಿರಾದಿಂದ ಹೊರಟು, ಚಿತ್ರದುರ್ಗ ಹುಬ್ಬಳ್ಳಿಗಳನ್ನು ದಾಟಿ, ಘಟ್ಟವಿಳಿದು, ಗೋಕರ್ಣದಲ್ಲಿ ಕೊನೆಗಾಣುವ ಕೆಂಪು ಸೀಸದಕಡ್ಡಿಯ ಗೆರೆಯೊಂದು ಅದರ ಮೇಲಿದೆ. ಗೆರೆಯೆಳೆದವನು ನಾನು, ಎಳೆಯಿಸಿದವರು ನನ್ನ ತಾಯಿ.

ಅದು ೨೦೦೩ನೆಯ ಇಸವಿ. ನೆರೆಮನೆಯವರು ಗೋಕರ್ಣಯಾತ್ರೆ ಮುಗಿಸಿ ಬಂದು, ಅಲ್ಲಿ ಸಂಜೆಯ ಹೊತ್ತು ಸೂರ್ಯನು ಗುಡ್ಡದ ಹಿಂದಕ್ಕಲ್ಲ, ನೀರಿನೊಳಕ್ಕೇ ಇಳಿಯುತ್ತಾನೆಂದು ವರ್ಣಿಸಿದ್ದರು. ಬಯಲುಸೀಮೆಯಲ್ಲಿ ಹುಟ್ಟಿ, ಕೆರೆಗಿಂತ ದೊಡ್ಡ ನೀರನ್ನು ಕಣ್ಣಾರೆ ಕಂಡರಿಯದ ನನ್ನ ತಾಯಿ, "ಅಷ್ಟು ಸುಡುವ ಸೂರ್ಯ ನೀರಿಗಿಳಿದರೆ ಚುಯ್ ಎಂದು ಸದ್ದಾಗುವುದಿಲ್ಲವೇ?" ಎಂದು ಕೇಳಿದ್ದರು. ಎಲ್ಲರೂ ನಕ್ಕೆವು. "ಹೋಗಿಯೇ ನೋಡೋಣವಂತೆ, ಮುಂದಿನ ವರ್ಷ" ಎಂದೆ ನಾನು.

ಆ 'ಮುಂದಿನ ವರ್ಷ' ಹದಿನೈದು ವರ್ಷ ಬಾಳಿತು. ಒಂದು ವರ್ಷ ಮಳೆಯಿಲ್ಲ. ಒಂದು ವರ್ಷ ಮಗನ ಪರೀಕ್ಷೆ. ಮತ್ತೊಂದು ವರ್ಷ ನನಗೆ ವರ್ಗ. ಕಾರಣಗಳೆಲ್ಲ ಸಾಚಾ ಕಾರಣಗಳೇ. ೨೦೧೮ರಲ್ಲಿ ತಾಯಿ ತೀರಿಕೊಂಡರು. ನಕಾಶೆ ಪೆಟ್ಟಿಗೆಯಲ್ಲೇ ಉಳಿಯಿತು.

೨೦೨೪ರ ಬೇಸಿಗೆಯಲ್ಲಿ, ಎಪ್ಪತ್ತೆಂಟು ತುಂಬಿದ ನನ್ನ ತಂದೆಯವರು, ರಾತ್ರಿಯ ಊಟ ಮುಗಿಸಿ ಕೈ ತೊಳೆದುಕೊಂಡು ಬಂದವರೇ, "ಆ ನಕಾಶೆ ಇನ್ನೂ ಇದೆಯೇನಪ್ಪಾ?" ಎಂದು ಕೇಳಿದರು. ಅವರು ಬೇರೇನನ್ನೂ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಹನ್ನೊಂದು ಊರುಗಳ ಪಟ್ಟಿ

ಪ್ರವಾಸಕ್ಕೆ ಹೋಗುವುದು ಸುಲಭ. ಪ್ರವಾಸವನ್ನು ಗೊತ್ತುಮಾಡುವುದು ಕಷ್ಟ. ಮನೆಮಂದಿಯಲ್ಲಿ ಯಾರ ಮನಸ್ಸಿನಲ್ಲಿ ಯಾವ ಊರು ಅಡಗಿ ಕುಳಿತಿದೆಯೆಂಬುದು ಆಗಲೇ ಹೊರಬೀಳುವುದು. ಉತ್ತರ ಕನ್ನಡದ ಕರಾವಳಿಯೆಂದು ನಾನು ಬಾಯಿಬಿಟ್ಟೊಡನೆ ನನ್ನ ಹೆಂಡತಿ ಗೋಕರ್ಣ, ಇಡಗುಂಜಿ, ಮುರ್ಡೇಶ್ವರಗಳನ್ನು ಹೇಳಿದಳು. ಕಾಲೇಜಿನಲ್ಲಿ ಓದುತ್ತಿರುವ ಮಗನಿಗೆ ಯಾಣದ ಕರಿಬಂಡೆಗಳನ್ನು ಹತ್ತಬೇಕು. ನೇತ್ರಾಣಿ ದ್ವೀಪದ ಬಳಿ ನೀರಿನೊಳಗೆ ಮುಳುಗಿ ಮೀನುಗಳನ್ನು ನೋಡಬೇಕು. ನನಗೆ ಕಾರವಾರದ ಮೇಲೆ ಮನಸ್ಸು. ಸತ್ಯೇಂದ್ರನಾಥ ಠಾಕೂರರು ಅಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, ೧೮೮೦ರ ದಶಕದ ಆರಂಭದಲ್ಲಿ, ತಮ್ಮನಾದ ರವೀಂದ್ರರು ಬಂದು ತಂಗಿದ್ದರು; 'ಪ್ರಕೃತಿರ್ ಪ್ರತಿಶೋಧ್' ನಾಟಕವನ್ನು ಅವರು ಬರೆದದ್ದು ಅಲ್ಲಿ. ಆ ಮರಳಿನ ಮೇಲೆ ಒಂದು ಸಂಜೆ ಕೂರಬೇಕೆಂಬುದು ನನ್ನ ಹಳೆಯ ಆಸೆ. ೧೯೩೦ರಲ್ಲಿ ಉಪ್ಪಿನ ಸತ್ಯಾಗ್ರಹ ನಡೆದ ಅಂಕೋಲೆಯನ್ನು ಬಿಡುವುದು ಹೇಗೆ? ಹೀಗೆ ಪಟ್ಟಿ ಬೆಳೆದು ಹನ್ನೊಂದು ಊರಾಯಿತು, ದಿನಗಳಿದ್ದದ್ದು ಮೂರೇ.

ತಂದೆಯವರನ್ನು ಕೇಳಿದೆವು. ಅವರು ಸ್ವಲ್ಪ ಹೊತ್ತು ಯೋಚಿಸಿ, "ನನಗೆ ಊರುಗೀರು ಗೊತ್ತಿಲ್ಲ. ನದಿ ಹೋಗಿ ಸಮುದ್ರ ಸೇರುವ ಜಾಗ ಇರುತ್ತದಲ್ಲ, ಅದನ್ನು ತೋರಿಸಿದರೆ ಸಾಕು. ಜೀವಮಾನವೆಲ್ಲ ನೀರು ಬರುವ ದಾರಿ ಕಾದದ್ದಾಯಿತು, ಹೋಗುವ ಜಾಗವನ್ನೂ ನೋಡಿಬಿಡೋಣ" ಎಂದರು.

ಬರಗಾಲವನ್ನೂ ಕೆರೆಯ ಕೋಡಿಯನ್ನೂ ಬಲ್ಲ ರೈತನ ಮಾತು ಅದು. ನಮ್ಮ ಕಡೆಯ ಹಳ್ಳಗಳ ನೀರು ಸುವರ್ಣಮುಖಿ, ವೇದಾವತಿಗಳನ್ನು ಕೂಡಿ, ತುಂಗಭದ್ರೆ ಕೃಷ್ಣೆಯರ ಜೊತೆ ಮೂಡಣ ಕಡಲಿಗೆ ಹೋಗುವುದೇ ಹೊರತು ಪಡುಗಡಲಿಗಲ್ಲವೆಂದು ನಾನು ಪಾಂಡಿತ್ಯ ಪ್ರದರ್ಶಿಸಿದೆ. "ಯಾವ ಕಡಲಾದರೇನು, ನೀರು ನೀರೇ" ಎಂದು ಅವರು ಮಾತು ಮುಗಿಸಿದರು.

ಮಳೆ ಕಲಿಸಿದ ಪಾಠ

ಮೊದಲು ನಾವು ಜುಲೈ ತಿಂಗಳ ಕೊನೆಯ ವಾರವನ್ನು ಗೊತ್ತುಮಾಡಿದ್ದೆವು. ನನಗೆ ರಜೆ ಸಿಕ್ಕುವುದು ಆಗಲೇ ಎಂಬುದೊಂದು ಕಾರಣ; ಮಳೆಗಾಲದ ಘಟ್ಟವನ್ನು ನೋಡುವ ಚಪಲ ಇನ್ನೊಂದು. ಇದು ಅವಿವೇಕವೆಂಬುದನ್ನು ಮಳೆಯೇ ಬಂದು ಹೇಳಬೇಕಾಯಿತು.

ಜುಲೈ ೧೬ರಂದು ಅಂಕೋಲಾ ತಾಲ್ಲೂಕಿನ ಶಿರೂರಿನ ಬಳಿ ಗುಡ್ಡವು ರಾಷ್ಟ್ರೀಯ ಹೆದ್ದಾರಿಯ ಮೇಲೆ ಜಾರಿತು. ರಸ್ತೆಯಂಚಿನ ಚಹದಂಗಡಿಯನ್ನೂ, ಅಲ್ಲಿ ನಿಂತಿದ್ದ ವಾಹನಗಳನ್ನೂ, ಹಲವು ಜೀವಗಳನ್ನೂ ಎಳೆದುಕೊಂಡು ಗಂಗಾವಳಿ ನದಿಗೆ ಬಿದ್ದಿತು. ಕೇರಳದ ಲಾರಿ ಚಾಲಕನೊಬ್ಬನ ದೇಹ ಲಾರಿಯ ಸಮೇತ ನದಿಯ ತಳದಲ್ಲಿ ಸಿಕ್ಕಿದ್ದು ಎರಡು ತಿಂಗಳು ಕಳೆದ ಮೇಲೆ, ಸೆಪ್ಟೆಂಬರಿನಲ್ಲಿ. ಜುಲೈ ೨೬ರಂದು ಎಡಕುಮೇರಿಯ ಬಳಿ ಘಟ್ಟದ ರೈಲುಹಾದಿಯ ಕೆಳಗಿನ ಮಣ್ಣು ಕುಸಿದು ಬೆಂಗಳೂರು–ಮಂಗಳೂರು ರೈಲುಗಳು ನಿಂತುಹೋದವು. ಆಗಸ್ಟ್ ೭ರ ರಾತ್ರಿ ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಮುರಿದುಬಿದ್ದಿತು. ಅದರೊಡನೆ ನೀರಿಗೆ ಬಿದ್ದ ಲಾರಿಯ ಚಾಲಕನನ್ನು ಪುಣ್ಯವಶಾತ್ ಬದುಕಿಸಿಕೊಂಡರು.

ಟಿಕೇಟುಗಳನ್ನು ರದ್ದುಮಾಡಿಸಿದೆ. "ಇನ್ನು ಮಳೆ ನಿಂತ ಮೇಲೆ ನೋಡೋಣಪ್ಪಾ" ಎಂದು ತಂದೆಯವರಿಗೆ ಹೇಳುವಾಗ ನನ್ನ ನಾಲಗೆ ತೊದಲಿತು. 'ಮುಂದಿನ ವರ್ಷ' ಎಂಬ ಹಳೆಯ ಮಾತೇ ಬೇರೆ ಅಂಗಿ ತೊಟ್ಟು ಬಂದಿದೆಯೇನೋ ಎನಿಸಿತು. ಆದರೆ ಸೋಮಾರಿತನದಿಂದ ಮುಂದೂಡುವುದು ಬೇರೆ, ವಿವೇಕದಿಂದ ಮುಂದೂಡುವುದು ಬೇರೆ. ವಿವೇಕದಿಂದ ಮುಂದೂಡಿದವನು ಅಂದೇ ಮತ್ತೊಂದು ದಿನವನ್ನು ಗೊತ್ತುಮಾಡುತ್ತಾನೆ. ಅದೇ ರಾತ್ರಿ ನವೆಂಬರ್ ತಿಂಗಳ ನಡುವಿನ ವಾರಕ್ಕೆ ಗುರುತು ಹಾಕಿದೆವು.

ಈ ಕರಾವಳಿಗೆ ಹೋಗುವವರು ಪಂಚಾಂಗದಂತೆ ಮಳೆಯ ಲೆಕ್ಕವನ್ನೂ ನೋಡಬೇಕು. ನಮ್ಮ ಶಿರಾ ಸೀಮೆಯಲ್ಲಿ ವರ್ಷಕ್ಕೆ ೬೦೦ ಮಿಲಿಮೀಟರಿನ ಆಸುಪಾಸು ಮಳೆಯಾದರೆ ಅಲ್ಲಿ ೩,೦೦೦ಕ್ಕೂ ಮೇಲೆ. ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನವರೆಗಿನ ನಾಲ್ಕೇ ತಿಂಗಳುಗಳಲ್ಲಿ. ಜೂನ್ ೧ರಿಂದ ಜುಲೈ ೩೧ರವರೆಗೆ ೬೧ ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯಬಾರದೆಂಬ ನಿಯಮವಿದೆ. ಮೀನುಗಳು ಮರಿಮಾಡುವ ಕಾಲವದು. ಕಡಲು ಕೆರಳಿರುವ ಕಾಲವೂ ಅದೇ. ಡಿಸೆಂಬರಿನ ಕೊನೆಯಲ್ಲಿ ಹವೆ ಹಿತವಾದರೂ ಜನಸಂದಣಿ ವಿಪರೀತ. ಏಪ್ರಿಲ್–ಮೇ ತಿಂಗಳುಗಳಲ್ಲಿ ಬೆವರು ಬತ್ತುವುದಿಲ್ಲ. ಆದರೂ ಹೆದ್ದಾರಿಯ ಪಕ್ಕದಲ್ಲಿ ಜಡೆ ಹೆಣೆದು ತೂಗುಹಾಕಿದ ಕುಮಟೆಯ ಸಿಹಿ ಈರುಳ್ಳಿಯನ್ನೂ, ೨೦೨೩ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಅಂಕೋಲೆಯ ಕರಿ ಇಶಾಡು ಮಾವನ್ನೂ ಬಯಸುವವರು ಬೆವರಿಗೆ ಅಂಜಬಾರದು. ವೃದ್ಧರನ್ನು ಕರೆದೊಯ್ಯುವವರಿಗೆ ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲವೇ ಮೇಲು. ನವೆಂಬರಿನಲ್ಲಂತೂ ಬೆಟ್ಟದ ಹಸಿರು ಇನ್ನೂ ಮಾಸಿರುವುದಿಲ್ಲ, ಹಳ್ಳಗಳಲ್ಲಿ ನೀರೂ ಇರುತ್ತದೆ.

ಕುಮಟೆಯ ಮಿತ್ರರ ಸೂತ್ರ

ಹಿಂದೆ ನನ್ನೊಡನೆ ಒಂದೇ ಕಚೇರಿಯಲ್ಲಿ ಕೆಲಸಮಾಡಿ ಈಗ ನಿವೃತ್ತರಾಗಿ ಊರು ಸೇರಿರುವ ಕುಮಟೆಯ ಮಿತ್ರರೊಬ್ಬರಿದ್ದಾರೆ. ಹನ್ನೊಂದು ಊರುಗಳ ಪಟ್ಟಿಯನ್ನು ಅವರಿಗೆ ಕಳುಹಿಸಿದೆ. ಮರುದಿನವೇ ದೂರವಾಣಿಯಲ್ಲಿ ಅವರ ನಗು ಕೇಳಿಸಿತು.

"ಇದು ಪ್ರವಾಸವೋ, ಟಪಾಲು ಬಟವಾಡೆಯೋ? ನಮ್ಮ ಕರಾವಳಿ ಸುಮಾರು ೧೪೦ ಕಿಲೋಮೀಟರು ಉದ್ದ. ಅದನ್ನು ಊರಿನಿಂದ ಊರಿಗೆ ಅಳೆಯಬೇಡಿ. ನದಿಯಿಂದ ನದಿಗೆ ಅಳೆಯಿರಿ. ಬಡಗಣದಿಂದ ಹಿಡಿದರೆ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ. ಒಂದು ದಿನಕ್ಕೆ ಒಂದು ನದಿ, ಅದಕ್ಕಿಂತ ಹೆಚ್ಚು ಬೇಡ. ನದಿಯ ಬಾಯಿಯಲ್ಲಿ ಒಂದು ಊರು, ಒಂದು ಅಳಿವೆ, ಒಂದು ಕೋಟೆ ಅಥವಾ ದೇವಸ್ಥಾನ, ಒಂದು ಮರಳದಂಡೆ ಇದ್ದೇ ಇರುತ್ತದೆ. ಮುದುಕರಿಗೆ ಅಷ್ಟು ಸಾಕು, ನಿಮಗೂ ಸಾಕು."

ಯೋಚಿಸಿದಷ್ಟೂ ಆ ಸೂತ್ರ ನನಗೆ ಹಿಡಿಸಿತು. ಈ ಜಿಲ್ಲೆಯ ಚರಿತ್ರೆಯೆಲ್ಲ ನದೀಮುಖಗಳಲ್ಲೇ ನಡೆದಿದೆ. ಘಟ್ಟದ ಕಾಳುಮೆಣಸು ನದಿಯಲ್ಲಿಳಿದು ಬಂದು ಕಡಲಿನ ಹಡಗು ಹತ್ತುತ್ತಿತ್ತು. ಹದಿನಾರನೆಯ ಶತಮಾನದಲ್ಲಿ ಶರಾವತಿಯ ದಡದ ಗೇರುಸೊಪ್ಪೆಯಿಂದ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು 'ಮೆಣಸಿನ ರಾಣಿ'ಯೆಂದೇ ಕರೆದರು. ೧೮೬೨ರಲ್ಲಿ ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿದ ಈ ಸೀಮೆ, ೧೯೫೬ರ ನವೆಂಬರ್ ೧ರಂದು ಕನ್ನಡನಾಡಿನೊಡನೆ ಒಂದಾಯಿತು. ನದಿಗೊಂದರಂತೆ ಸೇತುವೆಗಳಾಗುವ ಮುನ್ನ ಪ್ರತಿಯೊಂದು ನದಿಯೂ ಒಂದು ಗಡಿಯಾಗಿತ್ತು. ದೋಣಿ ಕಾಯದೆ ಯಾರೂ ಮುಂದೆ ಹೋಗುವಂತಿರಲಿಲ್ಲ.

ನಾಲ್ಕು ನದಿಗಳಲ್ಲಿ ಎರಡನ್ನು ಮಾತ್ರ ಆರಿಸಿಕೊಂಡೆವು: ಶರಾವತಿ ಮತ್ತು ಅಘನಾಶಿನಿ. ಕಾರವಾರವನ್ನು ಕೈಬಿಡುವಾಗ ನನಗೂ, ಯಾಣವನ್ನು ಬಿಡುವಾಗ ಮಗನಿಗೂ ಸಂಕಟವಾಯಿತು. ಮುರ್ಡೇಶ್ವರದ ಇಪ್ಪತ್ತು ಅಂತಸ್ತಿನ ರಾಜಗೋಪುರಕ್ಕೆ ಯಂತ್ರದ ತೊಟ್ಟಿಲಿರುವುದರಿಂದ ವೃದ್ಧರೂ ಮೇಲೇರಿ ಕಡಲನ್ನು ನೋಡಬಹುದೆಂದು ನನ್ನ ಹೆಂಡತಿ ವಾದಿಸಿದಳು. ವಾದವೇನೋ ಸರಿ, ಆದರೆ ದಿನಗಳು ಬೆಳೆಯಲಿಲ್ಲ. ಮನಸ್ಸಿನಲ್ಲಿರುವುದನ್ನೆಲ್ಲ ತುರುಕಿದರೆ ಪೆಟ್ಟಿಗೆಯ ಬೀಗ ಬೀಳುವುದಿಲ್ಲ, ಪ್ರವಾಸವೂ ಹಾಗೆಯೇ. ಏನನ್ನು ನೋಡಬೇಕೆಂದು ನಿರ್ಧರಿಸುವುದಕ್ಕಿಂತ ಏನನ್ನು ನೋಡದೆ ಬರಬೇಕೆಂದು ನಿರ್ಧರಿಸುವುದಕ್ಕೇ ಹೆಚ್ಚಿನ ಧೈರ್ಯ ಬೇಕು.

ದಾರಿಯ ವಿಚಾರವೂ ಇತ್ತು. ನಕಾಶೆಯ ಮೇಲಿನ ಕೆಂಪು ಗೆರೆಯಂತೆ ಹುಬ್ಬಳ್ಳಿಯ ಮೂಲಕ ಅರಬೈಲು ಘಟ್ಟವಿಳಿಯಬಹುದು. ಶಿರಸಿಯಿಂದ ದೇವಿಮನೆ ಘಟ್ಟವಿಳಿದು ಕುಮಟೆ ಸೇರಬಹುದು. ಸಾಗರದ ಕಡೆಯಿಂದ ಗೇರುಸೊಪ್ಪೆಯ ಘಟ್ಟವಿಳಿದರೆ ಹೊನ್ನಾವರ. ಮೂರೂ ಚೆಲುವಾದ ಹಾದಿಗಳೇ. ಆದರೆ ತಿರುವುಗಳಲ್ಲಿ ತಂದೆಯವರಿಗೆ ತಲೆ ತಿರುಗುತ್ತದೆ. ಆದುದರಿಂದ ಬೆಂಗಳೂರಿನಿಂದ ಸಂಜೆ ಹೊರಟು ಮಂಗಳೂರಿನ ಪಡೀಲನ್ನು ಬಳಸಿಕೊಂಡು ಬೆಳಗ್ಗೆ ಕಾರವಾರ ಮುಟ್ಟುವ ಪಂಚಗಂಗಾ ರೈಲನ್ನೇ ಆರಿಸಿದೆವು. ಕೊಂಕಣ ರೈಲುಹಾದಿ ೧೯೯೮ರಲ್ಲಿ ಪೂರ್ಣವಾಗಿ ತೆರೆಯುವ ಮುನ್ನ ಇಂಥ ಪ್ರಯಾಣ ಸಾಧ್ಯವೇ ಇರಲಿಲ್ಲ. ಒಂದು ಮಾತು ನೆನಪಿರಲಿ: ಈ ಹಾದಿಯ ನಿಲ್ದಾಣಗಳು ಊರಿನಿಂದ ದೂರ. ಗೋಕರ್ಣ ರೋಡ್ ನಿಲ್ದಾಣದಿಂದ ಗೋಕರ್ಣಕ್ಕೆ ಸುಮಾರು ಹತ್ತು ಕಿಲೋಮೀಟರು. ಕಾರವಾರದ ನಿಲ್ದಾಣವಿರುವುದು ಶಿರವಾಡದಲ್ಲಿ. ಗಾಡಿಯನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು ಲೇಸು.

ರಾಗಿಹಿಟ್ಟು ಮತ್ತು ಉಬ್ಬರದ ಪಟ್ಟಿ

ಹೊರಡುವ ಹಿಂದಿನ ದಿನ ಗಂಟುಮೂಟೆಗಳ ನಡುವೆ ಮೂರು ಸೇರು ರಾಗಿಹಿಟ್ಟಿನ ಚೀಲ ಕಾಣಿಸಿಕೊಂಡಿತು. ಕರಾವಳಿಯವರು ಅನ್ನ, ಗಂಜಿ, ದೋಸೆಗಳಲ್ಲೇ ದಿನ ಕಳೆಯುತ್ತಾರೆಂಬ ಸುದ್ದಿ ಯಾರಿಂದಲೋ ತಂದೆಯವರ ಕಿವಿಗೆ ಬಿದ್ದಿತ್ತು. "ಮುದ್ದೆಯಿಲ್ಲದೆ ಮೂರು ದಿನವೇ?" ಎಂಬ ಭೀತಿ ಅವರದು. ಆ ಚೀಲ ಕಟ್ಟಿದಂತೆಯೇ ಹೋಗಿ ಬಿಚ್ಚದೆಯೇ ಮರಳಿತು. ಕುಮಟೆಯಲ್ಲಿ ಮಿತ್ರರ ಮನೆಯವರು ಬಡಿಸಿದ ಅಪ್ಪೆಹುಳಿಯನ್ನು ಅವರು ಮೂರು ಸಲ ಹಾಕಿಸಿಕೊಂಡು ಉಂಡರು. ಮುರುಗಲು ಹಣ್ಣಿನ ಪಾನಕವನ್ನಂತೂ ಔಷಧಿಯಂತೆ ಹೊತ್ತುಹೊತ್ತಿಗೆ ಕುಡಿದರು.

ನನ್ನ ಜೇಬಿನಲ್ಲಿ ಮಿತ್ರರು ಬರೆಯಿಸಿದ ಇನ್ನೊಂದು ಚೀಟಿಯಿತ್ತು: ಆ ಮೂರು ದಿನಗಳ ಉಬ್ಬರ–ಇಳಿತಗಳ ವೇಳೆ. ಬಯಲುಸೀಮೆಯವರು ಸಾಮಾನ್ಯವಾಗಿ ಮರೆಯುವ ವಿಷಯವಿದು. ಕಡಲು ದಿನಕ್ಕೆ ಎರಡು ಬಾರಿ ಏರಿ ಎರಡು ಬಾರಿ ಇಳಿಯುತ್ತದೆ. ಆ ವೇಳೆ ದಿನದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದಕ್ಕೆ ಸರಿಯುತ್ತದೆ. ಬೆಳಗ್ಗೆ ನಡೆದುಹೋದ ಮರಳದಾರಿ ಮಧ್ಯಾಹ್ನ ನೀರಿನೊಳಗಿರಬಹುದು. ಅಲೆ ಹಿಂದಿರುಗುವ ಕಡೆ ಒಳಸೆಳೆತವೂ ಇರುತ್ತದೆ. ಅಲೆ ಸಣ್ಣದಾಗಿ ಶಾಂತವಾಗಿ ಕಾಣುವ ಜಾಗವೇ ಎಷ್ಟೋ ಸಲ ಸೆಳೆತದ ಜಾಗ. ಅಲ್ಲಿನ ಬೆಸ್ತರನ್ನು ಕೇಳದೆ, ಕಾವಲುಗಾರರ ಕೆಂಪು ಬಾವುಟವನ್ನು ನೋಡದೆ ನೀರಿಗಿಳಿಯಬಾರದು.

ಇದು ಬರಿಯ ಉಪದೇಶವಲ್ಲ. ನಾವು ಹಿಂದಿರುಗಿ ಬಂದು ತಿಂಗಳು ತುಂಬುವುದರೊಳಗೆ, ೨೦೨೪ರ ಡಿಸೆಂಬರಿನಲ್ಲಿ, ಕೋಲಾರ ಜಿಲ್ಲೆಯಿಂದ ಶಾಲಾಪ್ರವಾಸಕ್ಕೆ ಬಂದಿದ್ದ ನಾಲ್ವರು ಬಾಲಕಿಯರನ್ನು ಮುರ್ಡೇಶ್ವರದ ಕಡಲು ಸೆಳೆದುಕೊಂಡಿತು. ಅವರೂ ನಮ್ಮ ಹಾಗೆಯೇ ಕೆರೆಯ ಸೀಮೆಯವರು. ನೀರೆಂದರೆ ನಿಂತಿರುವ ವಸ್ತುವೆಂದು ತಿಳಿದು ಬೆಳೆದವರು. ಆ ಸುದ್ದಿ ಓದಿದ ದಿನ ನಮ್ಮ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ.

ಎರಡು ನದಿಗಳು

ಬೆಳಗಿನ ನಸುಬೆಳಕಿನಲ್ಲಿ ಹೊನ್ನಾವರಕ್ಕೆ ಮುನ್ನ ರೈಲು ಶರಾವತಿಯ ಸೇತುವೆಯನ್ನೇರಿತು. ಎರಡು ಕಿಲೋಮೀಟರಿಗೂ ಮಿಕ್ಕ ಈ ಸೇತುವೆ ಕೊಂಕಣ ರೈಲುಹಾದಿಯ ಸೇತುವೆಗಳಲ್ಲೆಲ್ಲ ಉದ್ದವಾದುದು. ತಂದೆಯವರು ಕಿಟಕಿಯ ಸರಳನ್ನು ಎರಡೂ ಕೈಗಳಿಂದ ಹಿಡಿದುಕೊಂಡು ನೋಡುತ್ತಿದ್ದರು. ಕೆಳಗೆ ನೀರು, ನೀರಿನಲ್ಲಿ ತೆಂಗಿನ ಕುದುರುಗಳು, ಒಂಟಿ ದೋಣಿ, ಮತ್ತೂ ನೀರು. "ಇದೇ ಸಮುದ್ರವೇನೋ?" ಎಂದರು. "ಅಲ್ಲಪ್ಪಾ, ಇದಿನ್ನೂ ನದಿ" ಎಂದೆ. ಅವರು ಉತ್ತರ ಕೊಡದೆ ತಲೆದೂಗಿದರು.

ಮೊದಲ ದಿನವನ್ನು ಮಿತ್ರರ ಮಾತಿನಂತೆ ವಿಶ್ರಾಂತಿಗೇ ಬಿಟ್ಟೆವು. ಎರಡನೆಯ ದಿನ ಶರಾವತಿಯದು. ಇಡಗುಂಜಿಯಲ್ಲಿ ಗಣಪತಿಯ ದರ್ಶನ ಮಾಡಿದೆವು. ಕೆರೆಮನೆ ಶಿವರಾಮ ಹೆಗಡೆಯವರು ೧೯೩೪ರಲ್ಲಿ ಕಟ್ಟಿದ ಯಕ್ಷಗಾನ ಮಂಡಳಿ ಈ ದೇವರ ಹೆಸರನ್ನೇ ಹೊತ್ತಿದೆ. ಮಧ್ಯಾಹ್ನದ ಬಿಸಿಲು ತಗ್ಗಿದ ಮೇಲೆ ಕಾಸರಕೋಡಿನಲ್ಲಿ, ಕಾಂಡ್ಲಾ ಗಿಡಗಳ ನಡುವೆ ಹಾಸಿರುವ ಮರದ ಹಲಗೆಯ ಹಾದಿಯಲ್ಲಿ ನಡೆದೆವು. ಉಪ್ಪುನೀರಿನಲ್ಲೇ ಬೇರಿಟ್ಟು, ಆ ಬೇರುಗಳನ್ನು ಕೆಸರಿನಿಂದ ಮೇಲೆತ್ತಿ ಉಸಿರಾಡುವ ಗಿಡಗಳವು. ಮೆಟ್ಟಿಲುಗಳಿಲ್ಲದ ಹಾದಿ, ತಂದೆಯವರು ಕೋಲೂರಿಕೊಂಡು ನಿಧಾನವಾಗಿ ಕೊನೆಯವರೆಗೂ ಬಂದರು.

ಮೂರನೆಯ ದಿನ ಅಘನಾಶಿನಿ. ಶಿರಸಿಯ ಬಳಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ತದಡಿಯ ಬಳಿ ಕಡಲು ಸೇರುವ ಈ ನದಿಗೆ ಎಲ್ಲಿಯೂ ಅಣೆಕಟ್ಟಿಲ್ಲ. ಶರಾವತಿ ೧೯೬೪ರಿಂದ ಲಿಂಗನಮಕ್ಕಿಯ ಕಟ್ಟೆಯೊಳಗೆ ನಿಂತು, ನಾಡಿಗೆ ಬೆಳಕು ಕೊಟ್ಟು, ಅಪ್ಪಣೆಯಾದಾಗ ಹರಿಯುತ್ತಾಳೆ. ಅಘನಾಶಿನಿ ತನ್ನಿಷ್ಟದಂತೆ ಬರುತ್ತಾಳೆ. ಅವಳ ಅಳಿವೆಯನ್ನು ೨೦೨೪ರಲ್ಲಿ ರಾಮ್ಸರ್ ಒಪ್ಪಂದದ ಪಟ್ಟಿಗೆ ಸೇರಿಸಿ, ಜಗತ್ತಿನ ಮಹತ್ವದ ಜೌಗುನೆಲಗಳಲ್ಲಿ ಒಂದೆಂದು ಗುರುತಿಸಿದ್ದಾರೆ. ಇಳಿತದ ಹೊತ್ತಿನಲ್ಲಿ ಹೆಂಗಸರೂ ಗಂಡಸರೂ ಮೊಣಕಾಲುದ್ದ ನೀರಿನಲ್ಲಿ ಬಗ್ಗಿ ಚಿಪ್ಪುಗಳನ್ನು ಆರಿಸುತ್ತಿದ್ದರು.

ಮಿರ್ಜಾನಿನ ಕೆಂಪುಕಲ್ಲಿನ ಕೋಟೆಯನ್ನು ಹೊರಗಿನಿಂದಲೇ ನೋಡಿ, ಮಿತ್ರರು ನಮ್ಮನ್ನು ಗಜನಿಗಳ ಕಡೆ ಕರೆದೊಯ್ದರು. ಅಳಿವೆಯಂಚಿನ ಉಪ್ಪುಗದ್ದೆಗಳಿಗೆ ಅಲ್ಲಿ ಗಜನಿಯೆಂದು ಹೆಸರು. ಮುಂಗಾರಿನ ಮಳೆ ಉಪ್ಪನ್ನು ತೊಳೆದ ಮೇಲೆ ಅಲ್ಲಿ 'ಕಗ್ಗ'ವೆಂಬ ಭತ್ತವನ್ನು ಬಿತ್ತುತ್ತಾರೆ. ಉಪ್ಪನ್ನೂ ನೆರೆಯನ್ನೂ ತಾಳಿಕೊಂಡು ಎತ್ತರಕ್ಕೆ ಬೆಳೆಯುವ ತಳಿಯದು. ಅದಕ್ಕೆ ಹೊರಗಿನ ಗೊಬ್ಬರ ಬೇಡ. ಕುಯ್ಲಿನಲ್ಲಿ ತೆನೆಯನ್ನಷ್ಟೇ ಕತ್ತರಿಸಿಕೊಂಡು ಹುಲ್ಲನ್ನು ಗದ್ದೆಯಲ್ಲೇ ಬಿಡುತ್ತಾರೆ. ಬಳಿಕ ಕಟ್ಟೆಯ ಹಲಗೆಬಾಗಿಲನ್ನೆತ್ತಿದರೆ ಉಬ್ಬರದ ನೀರಿನೊಡನೆ ಮೀನು ಸಿಗಡಿಗಳು ಒಳಬಂದು ಆ ಹುಲ್ಲಿನ ನಡುವೆ ಬೆಳೆಯುತ್ತವೆ. ಅವುಗಳ ಕಸವೇ ಮುಂದಿನ ಬೆಳೆಗೆ ಗೊಬ್ಬರ. ಸಿಗಡಿಯ ಸಾಕಣೆಯಲ್ಲಿ ಹಣ ಹೆಚ್ಚೆಂದು ತಿಳಿದ ಮೇಲೆ ಕಗ್ಗ ಬೆಳೆಯುವ ನೆಲ ಬಹಳ ಕುಗ್ಗಿದೆ. ಮಾಣಿಕಟ್ಟೆಯಂಥ ಕೆಲವು ಊರುಗಳಲ್ಲಿ ರೈತರು ಕೂಡಿಕೊಂಡು ಅದನ್ನು ಉಳಿಸಿಕೊಂಡಿದ್ದಾರೆ.

ನಾವು ಹೋದಾಗ ಕುಯ್ಲು ಮುಗಿದು ಗದ್ದೆಗಳಲ್ಲಿ ನೀರು ತುಂಬಿತ್ತು. ತಂದೆಯವರು ಕಟ್ಟೆಯ ಮೇಲೆ ನಡೆದು ಹೋಗಿ ಹಲಗೆಬಾಗಿಲಿನ ಬಳಿ ನಿಂತರು. ನಮ್ಮೂರ ಕೆರೆಯ ತೂಬನ್ನು ಮೂವತ್ತು ವರ್ಷ ಎತ್ತಿ ಇಳಿಸಿದವರು ಅವರು. ಬಗ್ಗಿ ಹಲಗೆಯನ್ನು ಮುಟ್ಟಿ, ನೀರಿನ ಮಟ್ಟವನ್ನು ಕಣ್ಣಿನಲ್ಲೇ ಅಳೆದು, ಒಂದು ಬೆರಳಿನಿಂದ ನೀರನ್ನು ನಾಲಗೆಗಿಟ್ಟುಕೊಂಡರು.

"ಉಪ್ಪು!" ಎಂದರು. "ಇಷ್ಟು ನೀರಿದ್ದೂ ಒಂದು ತೊಟ್ಟು ಕುಡಿಯುವಂತಿಲ್ಲ. ಆದರೂ ಇದರಲ್ಲೇ ಭತ್ತ ಬೆಳೆದಿದ್ದಾರಲ್ಲ. ನಾವು ನೀರಿಲ್ಲವೆಂದು ಅತ್ತೆವು. ಇವರು ನೀರು ಹೆಚ್ಚಾಯಿತೆಂದು ಅಳಲಿಲ್ಲ, ಬಾಗಿಲು ಮಾಡಿಟ್ಟರು."

ಯಾವ ಗೋಪುರದ ಮುಂದೆಯೂ ಅವರು ಅಷ್ಟು ಹೊತ್ತು ನಿಂತಿರಲಿಲ್ಲ. ಹನ್ನೊಂದು ಊರುಗಳ ನನ್ನ ಪಟ್ಟಿಯಲ್ಲಿ ಆ ಕಟ್ಟೆಯ ಹೆಸರೇ ಇರಲಿಲ್ಲವೆಂಬುದನ್ನು ನೆನೆದು ನಾನು ನಾಚಿದೆ.

ಗೋಕರ್ಣದ ಸಂಜೆ

ಅಲ್ಲಿಂದ ಗೋಕರ್ಣಕ್ಕೆ ಹೋಗಿ, ಮಹಾಬಲೇಶ್ವರನ ದರ್ಶನ ಪಡೆದು, ಹೊತ್ತಿಗೆ ಮುಂಚೆಯೇ ಕಡಲ ದಂಡೆಗೆ ಬಂದೆವು. ಮರಳಿನ ಮೇಲೆ ಜಮಖಾನೆ ಹಾಸಿ ತಂದೆಯವರನ್ನು ಕೂರಿಸಿದೆವು. ಅಲೆಯ ನೊರೆ ಅವರ ಪಾದದ ಹತ್ತಿರ ಬಂದು ಬಂದು ಹೋಗುತ್ತಿತ್ತು. ಅವರು ಪಂಚೆಯನ್ನು ಸ್ವಲ್ಪ ಮೇಲಕ್ಕೆಳೆದುಕೊಂಡರೇ ಹೊರತು ಹಿಂದೆ ಸರಿಯಲಿಲ್ಲ. ಮಗ ದೂರದಲ್ಲಿ ಚಿತ್ರ ತೆಗೆಯುತ್ತಿದ್ದನು. ನಾವಾರೂ ಮಾತನಾಡಲಿಲ್ಲ.

ಸೂರ್ಯನು ಮೊದಲು ಕೆಂಪಾಗಿ, ಆಮೇಲೆ ಮಡಕೆಯಂತೆ ತಳ ಚಪ್ಪಟೆಯಾಗಿ, ನೀರಿನಂಚನ್ನು ಮುಟ್ಟಿದನು. ಅರ್ಧವಾದನು, ಕಾಲಾದನು, ಕೆಂಡದ ಚೂರಿನಷ್ಟಾಗಿ ಕಣ್ಮರೆಯಾದನು. ತಂದೆಯವರು ಇನ್ನೂ ಅತ್ತಲೇ ನೋಡುತ್ತಿದ್ದರು. ಬಹಳ ಹೊತ್ತಾದ ಮೇಲೆ ನನ್ನ ಕಡೆ ತಿರುಗದೆಯೇ,

"ಸದ್ದೇನೂ ಆಗಲಿಲ್ಲ" ಎಂದರು.

ನನಗೆ ಮಾತು ಬರಲಿಲ್ಲ. ಅವರ ಕೈಹಿಡಿದು ಎಬ್ಬಿಸಿದೆ. ಅಂಗೈಯಲ್ಲಿ ಮರಳು ಅಂಟಿತ್ತು. ಅದನ್ನು ಅವರು ಒದರಿಕೊಳ್ಳಲಿಲ್ಲ.

ಪ್ರಿಯ ವಾಚಕರೇ, ಈ ಕರಾವಳಿಗೆ ಹೋಗಬೇಕೆಂಬ ಮನಸ್ಸು ನಿಮ್ಮ ಮನೆಯಲ್ಲಿಯೂ ಯಾರಿಗಾದರೂ ಇದ್ದೀತು. ಮಳೆಯ ಲೆಕ್ಕ ನೋಡಿರಿ. ನಡೆಯಲಾರದವರ ಮೊಣಕಾಲಿನ ಲೆಕ್ಕವನ್ನೂ ನೋಡಿರಿ. ಪಟ್ಟಿಯನ್ನು ಬರೆದು, ಅದರಲ್ಲಿ ಅರ್ಧವನ್ನು ಹೊಡೆದುಹಾಕಿರಿ. ಉಳಿದುದರಲ್ಲಿ ದಿನಕ್ಕೊಂದು ನದಿಯನ್ನಿಟ್ಟುಕೊಳ್ಳಿರಿ. ಆದರೆ ಇದೆಲ್ಲಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ಈ ಪ್ರವಾಸ ಯಾರಿಗಾಗಿ? ಅದಕ್ಕೆ ಉತ್ತರ ಸಿಕ್ಕರೆ ಎಲ್ಲಿಗೆ, ಯಾವಾಗ, ಎಷ್ಟು ದಿನ ಎಂಬವೆಲ್ಲ ತಾವಾಗಿಯೇ ಇತ್ಯರ್ಥವಾಗುತ್ತವೆ.

ಮನೆಗೆ ಬಂದ ಮರುದಿನ ತಂದೆಯವರು ನಕಾಶೆಯನ್ನು ಕೇಳಿ ಪಡೆದು, ಮಂಚದ ಮೇಲೆ ಹರಡಿ, ಕನ್ನಡಕ ಹಾಕಿಕೊಂಡು ನೋಡಿದರು. ಗೋಕರ್ಣದ ಮೇಲೆ ಬೆರಳಿಟ್ಟು, ಅದನ್ನು ಮೆಲ್ಲನೆ ಬಡಗಣಕ್ಕೆ ಸರಿಸಿದರು. "ಇನ್ನೂ ಎರಡು ನದಿ ಉಳಿದವಲ್ಲವೇ? ಗಂಗಾವಳಿ, ಕಾಳಿ."

"ಹೌದಪ್ಪಾ, ಮುಂದಿನ..." ಎಂದವನು ನಾಲಗೆ ಕಚ್ಚಿಕೊಂಡೆ.

ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ಅಂದು ಸಂಜೆಯೇ ರಜೆಯ ಅರ್ಜಿ ಬರೆದು, ಟಿಕೇಟು ತೆಗೆದಿಟ್ಟೆ.